ಊರಿಗೆ ಬಂದಾಯ್ತಲ್ಲ, ಇನ್ನೇನು ಚಿಂತೆ?

ನಾನು ಮನೋವೈದ್ಯ. ಗಲ್ಫ್ ದೇಶಗಳಿಗೆ ದುಡಿಯಲು ಹೋಗಿ, ಖಿನ್ನತೆಯಿಂದ ವಾಪಸ್ ಬಂದವರನ್ನು ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ನನ್ನ ಹತ್ತಿರ ಕರೆತರುವ ಮನೆಯವರು ಕೇಳುವುದು ಒಂದೇ. "ಅಲ್ಲಿ ಒಬ್ಬನೇ ಇದ್ದ, ಮಂಕಾದ, ಸರಿ. ಈಗ ಊರಿಗೆ ಬಂದಾಯ್ತಲ್ಲ ಸಾರ್, ಇನ್ನೇನು ಚಿಂತೆ ಇವನಿಗೆ?" ಈ ಮಾತು ನಂಬಿಕೊಂಡು ಕಾದು ಕೂತು, ಕಾಯಿಲೆ ಬಲಿತ ಮೇಲೆ ಕರೆದುಕೊಂಡು ಬರುತ್ತಾರೆ. ನೋಡಿ ನೋಡಿ ಸಂಕಟವಾಗುತ್ತದೆ.

ಊರಿನ ನೆನಪಾದರೆ ಊರಿಗೆ ಬಂದ ಮೇಲೆ ಹೋಗುತ್ತದೆ. ಖಿನ್ನತೆ ಹಾಗೆ ಹೋಗಲ್ಲ. ಎರಡು ವಾರಕ್ಕೂ ಜಾಸ್ತಿ ದಿನವಿಡೀ ಬೇಜಾರು, ಯಾವುದರಲ್ಲೂ ಆಸೆ ಇಲ್ಲ, ನಿದ್ದೆ ಹಸಿವು ಕೆಟ್ಟಿದೆ ಅಂದರೆ, ಮನುಷ್ಯ ಕುವೈತ್‌ನಲ್ಲಿದ್ದರೂ ಶಿಡ್ಲಘಟ್ಟದಲ್ಲಿದ್ದರೂ ತೋರಿಸಲೇಬೇಕು. ಕೆಲವರಿಗಂತೂ ಶುರುವಾಗುವುದೇ ವಾಪಸ್ ಬಂದ ಮೇಲೆ. ಅಲ್ಲಿ ಡ್ಯೂಟಿ ಇತ್ತು, ತಿಂಗಳಾದರೆ ದುಡ್ಡು ಕಳಿಸುವ ಹೆಮ್ಮೆ ಇತ್ತು. ಇಲ್ಲಿ ಬಂದರೆ ಹೆಂಡತಿ ಇಷ್ಟು ವರ್ಷ ಒಬ್ಬಳೇ ಮನೆ ನಡೆಸಿದ್ದಾಳೆ, ಮಕ್ಕಳು ಏನಿದ್ದರೂ ಅವಳನ್ನೇ ಕೇಳುತ್ತಾರೆ, ವೀಸಾಕ್ಕೆ ಮಾಡಿದ ಸಾಲ ಹಾಗೇ ಇದೆ, ಬೀದಿಯವರೆಲ್ಲ "ಮತ್ತೆ ಯಾವಾಗ ಹೋಗ್ತೀಯ?" ಅನ್ನುತ್ತಾರೆ.

ಒಬ್ಬ ಡ್ರೈವರ್ ಬಂದಿದ್ದ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಹೊಟ್ಟೆ ಉರಿ, ತಲೆನೋವು ಅಂತ ಸ್ಕ್ಯಾನಿಂಗ್ ಎಲ್ಲ ಮಾಡಿಸಿದ್ದರು. ನಿದ್ದೆ ಹೇಗಿದೆ ಅಂತ ಯಾರೂ ಕೇಳಿರಲಿಲ್ಲ. ಅವನ ತಾಯಿ ದಿನಾ ಮುದ್ದೆ, ಬಸ್ಸಾರು ಮಾಡಿಟ್ಟು, ಮಗ ಎರಡು ತುತ್ತಿಗೇ ಎದ್ದರೆ ತನ್ನ ಮೇಲೆ ಕೋಪ ಅಂದುಕೊಂಡಿದ್ದರಂತೆ. "ಅಮ್ಮ, ಊಟ ಸೇರದಿರುವುದೇ ಕಾಯಿಲೆ, ನಿಮ್ಮ ಮೇಲೆ ಅವನಿಗೇನೂ ಇಲ್ಲ" ಅಂದೆ. ಆಕೆ ಸೆರಗಲ್ಲಿ ಮುಖ ಒರೆಸಿಕೊಂಡು, "ಹಂಗಾದ್ರೆ ಮಾತ್ರೆ ಕೊಡಿ ಸಾರ್" ಅಂದರು.

ಎಲ್ಲರಿಗೂ ಮಾತ್ರೆ ಬೇಕಿಲ್ಲ. ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಥೈರಾಯ್ಡ್ ತೊಂದರೆಯೂ ಹೀಗೇ ಕಾಣಿಸಬಹುದು, ಅದನ್ನೂ ನೋಡಬೇಕು. ಮಾತ್ರೆ ಬರೆದರೆ ಮಾತ್ರ, ನಾಲ್ಕನೇ ದಿನಕ್ಕೇ "ಏನೂ ಕೆಲಸ ಮಾಡಲಿಲ್ಲ" ಅಂತ ಬಿಸಾಡಬೇಡಿ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಸರಿಹೋದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸುತ್ತೇವೆ. ಮತ್ತೆ ವಿದೇಶಕ್ಕೆ ಹೊರಟರೆ ಮೊದಲೇ ಹೇಳಿ, ಕೆಲವು ನಿದ್ದೆ ಮಾತ್ರೆಗಳಿಗೆ ಯುಎಇಯಂಥ ದೇಶಗಳಲ್ಲಿ ಮುಂಚೆಯೇ ಅನುಮತಿ ಬೇಕು.

ಯಾರನ್ನು ಕೇಳಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಕೇಳಬಹುದು.

"ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂತೋ, ಸುಮ್ನೆ ಬೈದು ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ಒಬ್ಬರನ್ನೇ ಬಿಡಬೇಡಿ, ತೋಟಕ್ಕೆ ತಂದ ಕೀಟನಾಶಕವನ್ನು ಬೇರೆಯವರ ಮನೆಯಲ್ಲಿ ಬೀಗ ಹಾಕಿಡಿಸಿ.