ಹೊರಗೆ ಹೋದ ಎಲೆ ವಾಪಸ್ ಬರಲ್ಲ ಮಾರಾಯ್ರೇ

"ಸರ್, ಮೊದಲ ಮೂರೂ ಎಲೆ ಆಟೀನ್. ಆಡಬೇಕು ಅಲ್ವಾ?"

ಸೆವೆನ್ ಕಾರ್ಡ್ ಸ್ಟಡ್ ಅನ್ನುವ ಪೋಕರ್ ಆಟ ಕಲಿಸುವಾಗ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಇದರಲ್ಲಿ ಒಬ್ಬೊಬ್ಬರಿಗೆ ಏಳು ಎಲೆ, ಮೊದಲು ಮೂರು; ಕೆಲವು ಮುಚ್ಚಿ, ಕೆಲವು ಎಲ್ಲರಿಗೂ ಕಾಣುವಂತೆ ತೆರೆದು. ಎದುರಿನವರ ಎಲೆ ಕಾಣದ ಹೋಲ್ಡೆಮ್ ಅನ್ನುವ ಪೋಕರ್ ಆಡಿ ಬಂದವರಲ್ಲಿ ಇದು ಜಾಸ್ತಿ. ತಮ್ಮ ಎಲೆ ಬಿಟ್ಟು ಕಣ್ಣು ಆಚೀಚೆ ಹೋಗುವುದೇ ಇಲ್ಲ. ನಾನು ತಿರುಗಿ ಕೇಳುತ್ತೇನೆ: "ಮೇಜಿನ ಮೇಲೆ ಆಟೀನ್ ಎಷ್ಟು ಕಾಣುತ್ತಿದೆ?" ಆಗ ತಲೆ ಎತ್ತಿ ಎಣಿಸಲು ಶುರು ಮಾಡುತ್ತಾರೆ. ಅಷ್ಟರಲ್ಲಿ ಇಬ್ಬರು ಪ್ಯಾಕ್ ಆಗಿರುತ್ತಾರೆ, ಡೀಲರ್ ಅವರ ಎಲೆ ಎಳೆದುಕೊಂಡಾಗಿರುತ್ತದೆ.

ಲೆಕ್ಕ ನೋಡಿ. ಎಂಟು ಜನ ಕೂತಿದ್ದೀರಿ. ನಿಮ್ಮ ಮೂರು ಎಲೆ, ಉಳಿದ ಏಳು ಜನರ ಒಂದೊಂದು ತೆರೆದ ಎಲೆ. ಹತ್ತು ಕಂಡಿವೆ, 42 ಕಂಡಿಲ್ಲ. ಆ ಏಳರಲ್ಲಿ ಒಂದೂ ಆಟೀನ್ ಇಲ್ಲದಿದ್ದರೆ, ಕೊನೆಯ ಎಲೆಯ ಹೊತ್ತಿಗೆ ಫ್ಲಶ್ (ಐದು ಎಲೆ ಒಂದೇ ಜಾತಿ) ಆಗುವ ಸಾಧ್ಯತೆ ಸುಮಾರು ಶೇ. 23.6. ಮೂರು ಆಟೀನ್ ಕಂಡರೆ ಶೇ. 12.3. ಕೈಯಲ್ಲಿರುವುದು ಅದೇ ಮೂರು ಎಲೆ, ಅವಕಾಶ ಮಾತ್ರ ಹೆಚ್ಚುಕಮ್ಮಿ ಅರ್ಧ!

ಜೋಡಿಗೂ ಇದೇ ಲೆಕ್ಕ. ಎರಡು ರಾಣಿ ಇಟ್ಟುಕೊಂಡಿದ್ದೀರಿ. ಉಳಿದೆರಡು ಎಲ್ಲೂ ಕಾಣದಿದ್ದರೆ ಮೂರನೆಯ ರಾಣಿ ಬರುವ ಸಾಧ್ಯತೆ ಶೇ. 18ರ ಹತ್ತಿರ. ಒಂದು ಹೊರಗೆ ಕಂಡರೆ ಶೇ. 9.5. ಎರಡೂ ಕಂಡರೆ ಸೊನ್ನೆ. ಇಷ್ಟು ಹೇಳಿದ ಮೇಲೂ "ಈ ಸಲ ಬರುತ್ತೆ ಅನಿಸಿತು ಸರ್" ಅನ್ನುತ್ತಾರೆ. ಎಲ್ಲಿಂದ ಬರಬೇಕು?

ಮಗನ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದ ಸಾಗರದ ಅಮ್ಮ ಒಬ್ಬರು ಒಂದು ಸಂಜೆ ನಮ್ಮ ಜೊತೆ ಕೂತರು. ಕಡಲೆಬೀಜದ ಪಣ. ಪೋಕರ್ ಹೆಸರು ಕೇಳಿದ್ದಷ್ಟೇ, ಆದರೆ ರಮ್ಮಿಯಲ್ಲಿ ಪಳಗಿದವರು. ಮಗ ಜೋರಾಗಿ ಪಣ ಏರಿಸುತ್ತಿದ್ದ. ಇವರು ಸುಮ್ನೆ ನೋಡಿ, "ರಾಣಿ ಎರಡೂ ಹೋಯ್ತಲ್ಲೋ, ಇನ್ನೇನಕ್ಕೆ ಕಾಯ್ತೀಯ?" ಅಂದರು. ಅವನ ಕೈಯಲ್ಲಿ ಏನಿದೆ ಅಂತ ಇಡೀ ಮೇಜಿಗೇ ಗೊತ್ತಾಯಿತು. ಆಟದ ಶಿಸ್ತಿಗೆ ಅದು ತಪ್ಪು, ಬೈಯಲು ನನಗೆ ಮನಸ್ಸಾಗಲಿಲ್ಲ.

ಎಲ್ಲ ಎಲೆ ನೆನಪಿಡಬೇಕು ಅಂತಿಲ್ಲ. ನಿಮಗೆ ಬೇಕಾದವು, ಎದುರಿನವರಿಗೆ ಬೇಕಾದವು, ಅಷ್ಟು ಸಾಕು. ಬರೀ ಈ ಶೇಕಡಾ ಹಿಡಿದು ದುಡ್ಡು ಹಾಕಬೇಡಿ ಅಂತಲೂ ಹೇಳಬೇಕು. ಮೇಜಿನ ಮೇಲೆ ಎಷ್ಟು ದುಡ್ಡಿದೆ, ಎಷ್ಟು ಜನ ಉಳಿದಿದ್ದಾರೆ, ನಿಮ್ಮ ಎಲೆ ಎಷ್ಟು ದೊಡ್ಡವು, ಎಲ್ಲವೂ ಸೇರುತ್ತದೆ. ಪಣದ ಮೊತ್ತ ಮೊದಲೇ ಗೊತ್ತುಮಾಡಿರುವ ಲಿಮಿಟ್ ಆಟದಲ್ಲಿ ಐದನೇ ಎಲೆಯಿಂದ ಪಣ ದುಪ್ಪಟ್ಟಾಗುವುದರಿಂದ, ಬಿಡುವ ಮನಸ್ಸಿದ್ದರೆ ನಾಲ್ಕರಲ್ಲೇ ಬಿಡಿ.

ಸ್ಟಡ್‌ನದೇ ಇನ್ನೊಂದು ರೂಪವಾದ ರಾಝ್‌ನಲ್ಲಿ ಎಲ್ಲ ಉಲ್ಟಾ. ಅಲ್ಲಿ ಗೆಲ್ಲುವುದು ಸಣ್ಣ ಕೈ. ನಿಮ್ಮಲ್ಲಿ ಎಕ್ಕ, 3, 5 ಇದ್ದು, ಬೇರೆಯವರ ಮುಂದೆಯೂ ಎಕ್ಕ, 3, 5 ಬಿದ್ದಿದ್ದರೆ ಖುಷಿಪಡಿ, ನಿಮಗೆ ಜೋಡಿ ಬೀಳುವ ಭಯ ಕಡಿಮೆಯಾಯಿತು. 2, 4, 6 ಬಿದ್ದಿದ್ದರೆ ಯೋಚಿಸಿ. ದೊಡ್ಡ ಕೈಗೂ ಸಣ್ಣ ಕೈಗೂ ಪಣ ಹಂಚುವ ಸ್ಟಡ್ ಹೈ-ಲೋದಲ್ಲಿ ಈ ಎರಡೂ ಲೆಕ್ಕ ಒಟ್ಟೊಟ್ಟಿಗೆ ಓಡಬೇಕು. ಬರೀ ಸ್ಟಡ್‌ನಲ್ಲಿ ಎಣಿಕೆ ಕೂರುವ ತನಕ ಅದರ ಹತ್ತಿರ ಹೋಗಬೇಡಿ.