ಟೊಳ್ಳು ಮೇಲೇರುತ್ತದೆ

ಬೀದರಿನಲ್ಲಿ ಎಲ್ಲಾದರೂ ನೆಲ ಕುಸಿದರೆ ಸಂಜೆಯೊಳಗೆ ಕಥೆ ಹುಟ್ಟುತ್ತದೆ: ಕೋಟೆಯ ಗುಪ್ತ ಸುರಂಗ, ಇಲ್ಲವೇ ನಿಧಿ. ನೆಲದಡಿ ಏನಿದೆಯೆಂದು ಹೇಳಲು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡವರೂ ಬರುತ್ತಾರೆ. ನನಗೆ ಭಯವಾಗುವುದು ಆಗಲೇ. ಕಾಯಿ ಎದ್ದು ನಿಲ್ಲುವುದನ್ನು ನೋಡಲು ಜನ ಗುಂಡಿಯ ಅಂಚಿಗೇ ಬಂದು ನಿಲ್ಲುತ್ತಾರೆ. ಆ ಅಂಚಿನ ಕೆಳಗೆ ಇನ್ನೆಷ್ಟು ಟೊಳ್ಳಿದೆಯೋ!

ಬಂಗಾಳದ ರಾಣಿಗಂಜ್‌ನಲ್ಲಿ 1774ರಲ್ಲೇ ಕಲ್ಲಿದ್ದಲು ಅಗೆಯಲು ಶುರುಮಾಡಿದರು. ಅಗೆದವರು ಹೋದರು, ಟೊಳ್ಳು ಉಳಿಯಿತು. ಹಾಗೆ ಉಳಿದ ಟೊಳ್ಳು ಇದ್ದಲ್ಲೇ ಇರುವುದಿಲ್ಲ. ಛಾವಣಿಯ ಕಲ್ಲು ಉದುರಿದಷ್ಟೂ ಅದು ಮೇಲೇರುತ್ತದೆ. ನೆಲದವರೆಗೂ ಏರೀತೇ? ಇಲ್ಲೊಂದು ಸೊಗಸಾದ ಲೆಕ್ಕವಿದೆ. ಡಬ್ಬಿಯಲ್ಲಿ ಸರಿಯಾಗಿ ಕೂರುವ ಬೆಲ್ಲದ ಅಚ್ಚನ್ನು ಕುಟ್ಟಿ ಅದೇ ಡಬ್ಬಿಗೆ ಸುರಿಯಿರಿ, ಹಿಡಿಸುವುದಿಲ್ಲ. ಕೆಡವಿದ ಗೋಡೆಯ ಗುಪ್ಪೆ ಗೋಡೆಗಿಂತ ದೊಡ್ಡದು. ಕಂಬಕ್ಕೆಂದು ತೋಡಿದ ಕುಣಿಯ ಮಣ್ಣು ಮತ್ತೆ ಅದೇ ಕುಣಿಯಲ್ಲಿ ಅಡಗುವುದಿಲ್ಲ. ಬಂಡೆಯೂ ಹಾಗೆಯೇ: 10 ಬುಟ್ಟಿಯ ಬಂಡೆ ಒಡೆದು 13 ಬುಟ್ಟಿ ಆಗುವುದಾದರೆ, 2 ಮೀಟರ್ ಎತ್ತರದ ಸುರಂಗ ಸುಮಾರು 7 ಮೀಟರ್ ಮೇಲೇರುವಷ್ಟರಲ್ಲಿ ತನ್ನದೇ ಕಲ್ಲಿನಿಂದ ತುಂಬಿ ನಿಲ್ಲುತ್ತದೆ. ಆಳದ ಗಣಿಯ ಟೊಳ್ಳು ಹೀಗೆ ನಡುದಾರಿಯಲ್ಲೇ ಅಡಗಬಹುದು. ಮೇಲ್ಮಟ್ಟದ್ದು ಒಂದು ದಿನ ಅಂಗಳದಲ್ಲಿ ಬಾಯಿ ತೆರೆಯುತ್ತದೆ. ಉದುರಿದ್ದನ್ನು ನೀರು ಕೊಚ್ಚಿಕೊಂಡು ಹೋದರೆ ಈ ಲೆಕ್ಕವೆಲ್ಲ ಕೆಡುತ್ತದೆ.

ಅಗೆಯದೆ ನೆಲದಡಿಯ ಟೊಳ್ಳನ್ನು ಕಾಣುವ ದಾರಿಯನ್ನು 1912ರಲ್ಲಿ ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜೆ ಹೊಲದಲ್ಲೇ ಪರೀಕ್ಷಿಸಿದ. ನೆಲಕ್ಕೆ ಲೋಹದ ಗೂಟ ನೆಟ್ಟು ಎರಡರಿಂದ ಕರೆಂಟು ಹರಿಸುವುದು, ಬೇರೆರಡರ ನಡುವೆ ವೋಲ್ಟೇಜ್ ಅಳೆಯುವುದು. ಗೂಟಗಳ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ಗಾಳಿ ತುಂಬಿದ ಟೊಳ್ಳು ಕರೆಂಟಿಗೆ ಅಡ್ಡ ನಿಲ್ಲುತ್ತದೆ, ನೀರು ತುಂಬಿದ್ದು ದಾರಿ ಬಿಡುತ್ತದೆ. ಗುರುತ್ವ ಅಳೆಯುವ ಯಂತ್ರವೂ ಇದೆ. 15 ಮೀಟರ್ ಆಳದಲ್ಲಿ 10 ಮೀಟರ್ ಅಗಲದ ಗೋಲಾಕಾರದ ಪೊಳ್ಳಿದ್ದರೆ ಮೇಲೆ ಗುರುತ್ವ ಇಳಿಯುವುದು ಹತ್ತು ಕೋಟಿಯಲ್ಲಿ ಸುಮಾರು 4 ಪಾಲು ಮಾತ್ರ, ಯಂತ್ರ ಅದನ್ನೂ ಹಿಡಿಯುತ್ತದೆ!

ನಮ್ಮ ಬೀದರಿನ ನೌಬಾದಿನ ಸುರಂಗ ಬಾವಿ, ಬಹಮನಿ ಕಾಲದ ಕರೇಜ್, ಗಣಿಯಲ್ಲ, ನೀರಿಗಾಗಿ ಕೊರೆದದ್ದು. ನೆಲದಡಿಯ ಟೊಳ್ಳು ಎಂಬ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ. ಇಲ್ಲಿನ ಕೆಂಪು ಜಂಬಿಟ್ಟಿಗೆಯಲ್ಲಿ ಮಳೆನೀರು ಇಳಿದು ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಅಂಥ ನೆಲದಲ್ಲಿ ಮೇ ತಿಂಗಳ ಅಳತೆಯನ್ನೊಂದೇ ನಂಬುವಂತಿಲ್ಲ. ಒಣಗಿದ ಜಂಬಿಟ್ಟಿಗೆಯೇ ಕರೆಂಟನ್ನು ತಡೆಯುವುದರಿಂದ ಟೊಳ್ಳು ಅದರಲ್ಲಿ ಅಡಗಿಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ಅದೇ ಗೆರೆಯಲ್ಲಿ ಮತ್ತೆ ಗೂಟ ನೆಡಬೇಕು, ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬೋರು ಹಾಕಿ ಖಚಿತಪಡಿಸಿಕೊಳ್ಳುವುದು ಆಮೇಲೆ.