ಫೇಸ್‌ವಾಶ್ ಮಾರುವವರು ಪುಟಗಟ್ಟಲೆ ಯಾಕೆ ಬರೀತಾರೆ?

ಪ್ರಶ್ನೆ: ಕ್ರೀಮು, ಲಿಪ್‌ಸ್ಟಿಕ್ಕು ಮಾರುವ ಕಂಪನಿಗಳು ತಮ್ಮ ಬ್ಲಾಗ್‌ಗಳಲ್ಲಿ ಚರ್ಮ, ಕೂದಲು, ಮೊಡವೆ ಅಂತ ಉದ್ದುದ್ದ ಲೇಖನ ಹಾಕುತ್ತವೆ. ಸುಮ್ನೆ ಜಾಹೀರಾತು ಕೊಟ್ಟರೆ ಸಾಲದಾ? ಇದರಿಂದ ಅವರಿಗೇನು ಸಿಗುತ್ತೆ? ಅದನ್ನು ನಂಬಬಹುದಾ? ಕೆಳಗೆ ಕಮೆಂಟ್ ಹಾಕಿದರೆ ಯಾರಾದರೂ ಓದುತ್ತಾರಾ?

ಉತ್ತರ: ಮೇಲ್ನೋಟಕ್ಕೆ ಕಾಣುವ ಕಾರಣವನ್ನು ಮೊದಲು ಹೇಳಿ ಮುಗಿಸುತ್ತೇನೆ. ‘ರೆಟಿನಾಲ್ ಹಚ್ಚಿದ ಮೇಲೆ ಚರ್ಮ ಸುಲೀತಿದೆ, ನಿಲ್ಲಿಸಬೇಕಾ?’ ಅಂತ ರಾತ್ರಿ ಹೊತ್ತು ಮೊಬೈಲಿನಲ್ಲಿ ಹುಡುಕುವವರಿಗೆ ಜಾಹೀರಾತು ಬೇಕಿಲ್ಲ, ಉತ್ತರ ಬೇಕು (ರೆಟಿನಾಲ್ ಅಂದರೆ ಸುಕ್ಕು, ಮೊಡವೆಗೆ ಹಚ್ಚುವ ವಿಟಮಿನ್ ಎ ಜಾತಿಯ ಪದಾರ್ಥ). ಉತ್ತರ ಕೊಟ್ಟವರ ಹೆಸರು ತಲೆಯಲ್ಲಿ ಉಳಿಯುತ್ತದೆ. ‘ಮೊದಲ ಕೆಲವು ವಾರ ಚರ್ಮ ಒಣಗಬಹುದು, ವಾರಕ್ಕೆ ಎರಡು ರಾತ್ರಿಯಿಂದ ಶುರುಮಾಡಿ’ ಅಂತ ಬರೆದಿಟ್ಟರೆ ಗಾಬರಿಯಾಗಿ ಫೋನ್ ಮಾಡುವವರೂ, ಡಬ್ಬಿ ವಾಪಸ್ ಕಳಿಸುವವರೂ ಕಡಿಮೆಯಾಗುತ್ತಾರೆ. ಅಂಗಡಿ ಕೌಂಟರಿನಲ್ಲಿ ನಿಂತು ಮಾರುವವರಿಗೂ ಅದೇ ಬರಹ ಪಾಠವಾಗುತ್ತದೆ.

ಆದರೆ ನನ್ನ ಪ್ರಕಾರ ನಿಜವಾದ ಲಾಭ ಕಂಪನಿ ಬರೆದದ್ದರಲ್ಲಿಲ್ಲ, ಅದಕ್ಕೆ ತಿರುಗಿ ಬರುವ ಮಾತಿನಲ್ಲಿದೆ.

ಇದಕ್ಕೆ ಗ್ಲಾಸಿಯರ್ ಎಂಬ ಅಮೆರಿಕದ ಸೌಂದರ್ಯವರ್ಧಕ ಕಂಪನಿಯ ಕಥೆ ನೋಡಿ. ಎಮಿಲಿ ವೈಸ್ ಎಂಬಾಕೆ ಅಮೆರಿಕದ ವೋಗ್ ಫ್ಯಾಷನ್ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದಾಗ, 2010ರಲ್ಲಿ, ‘ಇಂಟು ದ ಗ್ಲಾಸ್’ ಎಂಬ ಬ್ಲಾಗ್ ಶುರುಮಾಡಿದರು. ಹೆಂಗಸರು ದಿನಾ ಏನು ಹಚ್ಚುತ್ತಾರೆ, ಅವರ ಬಚ್ಚಲುಮನೆಯ ಕಪಾಟಿನಲ್ಲಿ ಏನೇನಿದೆ ಅಂತ ಕೇಳಿ ಬರೆಯುವುದು ಅದರ ಮುಖ್ಯ ಆಕರ್ಷಣೆ. ಆಗ ಮಾರೋಕೆ ಅವರ ಹತ್ತಿರ ಏನೂ ಇರಲಿಲ್ಲ. ನಾಲ್ಕು ವರ್ಷ ಓದುಗರನ್ನು ಕಟ್ಟಿಕೊಂಡ ಮೇಲೆ, 2014ರಲ್ಲಿ, ನಾಲ್ಕೇ ನಾಲ್ಕು ವಸ್ತುಗಳೊಂದಿಗೆ ಗ್ಲಾಸಿಯರ್ ಹೊರಬಂತು.

ಮುಂದಿನ ವರ್ಷ ಅದೇ ಬ್ಲಾಗಿನಲ್ಲಿ ಓದುಗರಿಗೆ ಒಂದು ಪ್ರಶ್ನೆ ಹಾಕಿದರು: ನಿಮ್ಮ ಕನಸಿನ ಫೇಸ್‌ವಾಶ್ ಹೇಗಿರಬೇಕು? ನೂರಾರು ಉತ್ತರ ಬಂದವು. ಮೇಕಪ್ಪೂ ಹೋಗಬೇಕು, ಮುಖ ಬಿಗಿಯಬಾರದು, ಕಣ್ಣು ಉರಿಯಬಾರದು. ಇಂಥ ಬೇಡಿಕೆಗಳನ್ನೆಲ್ಲ ಇಟ್ಟುಕೊಂಡು ತಯಾರಿಸಿದ ‘ಮಿಲ್ಕಿ ಜೆಲ್ಲಿ ಕ್ಲೆನ್ಸರ್’ 2016ರಲ್ಲಿ ಮಾರುಕಟ್ಟೆಗೆ ಬಂತು. ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರಾವಣದಲ್ಲಿ ಬಳಸುವ ಥರದ ಮೆದುವಾದ ಕ್ಲೆನ್ಸಿಂಗ್ ಪದಾರ್ಥ ಅದರಲ್ಲಿದೆ ಅಂತ ಕಂಪನಿ ಹೇಳಿಕೊಂಡಿತು. ಕಣ್ಣುರಿ ಬೇಡ ಅಂದವರಿಗೆ ಇದಕ್ಕಿಂತ ನೇರವಾದ ಉತ್ತರ ಇನ್ನೇನಿದೆ? 

ಗಿರಾಕಿಯ ಮಾತಿಗೆ ಇಷ್ಟು ಕಿವಿಗೊಟ್ಟ ಕಂಪನಿ ತನ್ನ ಕೆಲಸಗಾರರ ಮಾತಿಗೆ ಕಿವಿಗೊಟ್ಟಿತಾ? 2020ರ ಆಗಸ್ಟ್‌ನಲ್ಲಿ ಅದರ ಅಂಗಡಿಗಳಲ್ಲಿ ಕೆಲಸ ಮಾಡಿದ್ದ ಕೆಲವರು ‘ಔಟಾ ದ ಗ್ಲಾಸ್’ ಎಂಬ ಹೆಸರಿಟ್ಟುಕೊಂಡು ಬಹಿರಂಗ ಪತ್ರ ಬರೆದರು. ಬ್ಲಾಗಿನ ಹೆಸರನ್ನೇ ತಿರುಗಿಸಿ ಹೊಡೆದಿದ್ದರು. ಅಂಗಡಿಯಲ್ಲಿ ಜನಾಂಗೀಯ ನಿಂದನೆ ಅನುಭವಿಸಿದ್ದೇವೆ, ಮೇಲಿನವರಿಗೆ ಹೇಳಿದರೂ ಪ್ರಯೋಜನ ಆಗಲಿಲ್ಲ ಎಂಬುದು ಅವರ ಆರೋಪ. ತಮಾಷೆಯೆಂದರೆ, ಅಂಗಡಿ ಸಿಬ್ಬಂದಿಯನ್ನು ಆ ಕಂಪನಿ ‘ಎಡಿಟರ್’, ಅಂದರೆ ಸಂಪಾದಕರು, ಅಂತಲೇ ಕರೆಯುತ್ತಿತ್ತು. ವೈಸ್ ಕ್ಷಮೆ ಕೇಳಿದರು, ಏನೇನು ಬದಲಾಯಿಸುತ್ತೇವೆ ಅಂತ ಬರೆದು ಪ್ರಕಟಿಸಿದರು. ಒಳಗೆ ಮಾತಾಡಲು ಜಾಗ ಸಿಗದವರು ಹೊರಗೆ ಬಂದು ಬರೆಯುತ್ತಾರೆ, ಅಷ್ಟೇ.

ಕೆಲಸ ಮಾಡುವವರಿಗಾಗಿ ಬರೆಯುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ಮನೆಮನೆಗೆ ಹೋಗಿ ಮಾರುವ ಮಹಿಳೆಯರನ್ನೇ ನಂಬಿಕೊಂಡಿದ್ದ ಏವನ್ ಕಂಪನಿ, ಅದಕ್ಕಿನ್ನೂ ಆ ಹೆಸರು ಬರುವ ಮೊದಲೇ, 1905ರಲ್ಲಿ ಅವರಿಗಾಗಿ ‘ಔಟ್‌ಲುಕ್’ ಎಂಬ ಪತ್ರಿಕೆ ಶುರುಮಾಡಿತ್ತು.

ಇನ್ನು ನಂಬಿಕೆಯ ವಿಷಯಕ್ಕೆ ಬರೋಣ. 2005ರಲ್ಲಿ ಫ್ರಾನ್ಸಿನ ವಿಶಿ, ಇದು ಲೋರಿಯಾಲ್ ಗುಂಪಿನ ಬ್ರ್ಯಾಂಡ್, ತನ್ನ ಹೊಸ ಉತ್ಪನ್ನಕ್ಕಾಗಿ ‘ಕ್ಲೇರ್’ ಎಂಬ ಹೆಂಗಸಿನ ಚರ್ಮದ ದಿನಚರಿಯನ್ನು ಬ್ಲಾಗ್ ರೂಪದಲ್ಲಿ ಹಾಕಿತು. ಕ್ಲೇರ್ ಅಂತ ಯಾರೂ ಇರಲಿಲ್ಲ, ಜಾಹೀರಾತಿನವರು ಹುಟ್ಟಿಸಿದ ಪಾತ್ರ. ಓದುಗರು ಬೇಗನೆ ಹಿಡಿದುಹಾಕಿ ತರಾಟೆಗೆ ತೆಗೆದುಕೊಂಡರು. ಕಂಪನಿ ತಪ್ಪಾಯಿತು ಅಂದು, ನಿಜವಾದ ಬ್ಲಾಗರ್‌ಗಳಿಗೆ ಆ ಉತ್ಪನ್ನ ಕೊಟ್ಟು ಅವರ ಅನುಭವ ಬರೆಯಲು ಹೇಳಿತು.

ಇದಕ್ಕಿಂತ ಕೆಟ್ಟದ್ದು ಸಂಡೇ ರೈಲಿ ಪ್ರಕರಣ. ಚರ್ಮಕ್ಕೆ ಹಚ್ಚುವ ಕ್ರೀಮು, ಸೀರಮ್ ಮಾರುವ ಅಮೆರಿಕದ ಈ ಕಂಪನಿಯ ಸಿಬ್ಬಂದಿ, ಸೌಂದರ್ಯವರ್ಧಕಗಳನ್ನು ಮಾರುವ ಸೆಫೊರಾ ಮಳಿಗೆಯ ವೆಬ್‌ಸೈಟಿನಲ್ಲಿ ಗಿರಾಕಿಗಳಂತೆ ನಟಿಸಿ ವಿಮರ್ಶೆ ಬರೆದಿದ್ದಾರೆ ಅಂತ ವ್ಯಾಪಾರದಲ್ಲಿ ಮೋಸ ತಡೆಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಆರೋಪ ಹೊರಿಸಿತು. ಕಂಪನಿ ಮುಖ್ಯಸ್ಥೆಯೇ ಇಮೇಲ್ ಮಾಡಿ, ಬೇರೆ ಬೇರೆ ಹೆಸರಿನಲ್ಲಿ ಖಾತೆ ತೆರೆಯಿರಿ, ಕೆಟ್ಟ ವಿಮರ್ಶೆ ಕಂಡರೆ ‘ಡಿಸ್‌ಲೈಕ್’ ಒತ್ತಿ ಅಂತ ಹೇಳಿದ್ದರು. ಸಿಕ್ಕಿಬೀಳದಿರಲು ವಿಪಿಎನ್, ಅಂದರೆ ಯಾವ ಕಂಪ್ಯೂಟರಿನಿಂದ ಬರೆದದ್ದು ಅಂತ ತಿಳಿಯದಂತೆ ಮರೆಮಾಡುವ ವ್ಯವಸ್ಥೆ, ಕೂಡ ಬಳಸಿದ್ದರು. ವಿಷಯ ಹೊರಬಿದ್ದದ್ದು ಹೇಗೆ ಗೊತ್ತಾ? ಹಿಂದೆ ಅಲ್ಲೇ ಕೆಲಸ ಮಾಡಿದ್ದವರೊಬ್ಬರು 2018ರಲ್ಲಿ ಇಂಥದೊಂದು ಇಮೇಲನ್ನು ರೆಡಿಟ್ ಎಂಬ ಚರ್ಚಾತಾಣದಲ್ಲಿ ಹಾಕಿದ್ದರಿಂದ. ಇಷ್ಟಾದರೂ ಕಮಿಷನ್ ಜೊತೆ ಆದ ರಾಜಿಯಲ್ಲಿ ದಂಡ ಇರಲಿಲ್ಲ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಬರೆಸಿಕೊಂಡದ್ದಷ್ಟೇ. ಕಮಿಷನ್ನಿನ ಐದು ಸದಸ್ಯರಲ್ಲಿ ಇಬ್ಬರು ಇದು ಸಾಲದು ಅಂತ ಒಪ್ಪಲಿಲ್ಲ. ನನಗೂ ಅವರಿಬ್ಬರದೇ ಸರಿ ಅನ್ನಿಸುತ್ತದೆ.

ಅದೇ ಸಿಬ್ಬಂದಿ ತಮ್ಮ ಹೆಸರು, ಕೆಲಸ ಹೇಳಿಕೊಂಡು ಬರೆದಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವ ಕೆಮಿಸ್ಟ್ ಒಬ್ಬರು ‘ಈ ಸೀರಮ್‌ನಲ್ಲಿ ವಿಟಮಿನ್ ಸಿ ಇದೆ, ಗಾಳಿ ಬೆಳಕಿಗೆ ಬಣ್ಣ ಕಂದಾಗುತ್ತದೆ, ಅದಕ್ಕೇ ಕಪ್ಪು ಬಾಟಲಿ’ ಅಂತ ಬರೆದರೆ ನಾನಂತೂ ಆಸೆಯಿಂದ ಓದುತ್ತೇನೆ. ಮಾರ್ಕೆಟಿಂಗ್‌ನವರು ನುಣುಪಾಗಿ ಬರೆದ ನೂರು ಸಾಲಿಗಿಂತ ಅದು ಮೇಲು.

ಹಾಗಾಗಿ ಕಂಪನಿ ಬರಹ ಓದುವಾಗ ನಾನು ಮೊದಲು ನೋಡುವುದು, ಬರೆದವರು ಯಾರು, ಅವರ ಕೆಲಸ ಏನು ಅಂತ. ಆಮೇಲೆ, ‘ಇದು ಇಂಥವರಿಗೆ ಆಗುವುದಿಲ್ಲ’ ಅಂತ ಒಂದು ಸಾಲಾದರೂ ಇದೆಯಾ ಅಂತ. ‘ಸುಕ್ಕು ಕಾಣಿಸುವುದು ಕಡಿಮೆಯಾಗುತ್ತದೆ’ ಅಂತ ಸುತ್ತಿಬಳಸಿ ಬರೆದಿದ್ದರೆ ಅದರ ಹಿಂದೆ ಕಾನೂನಿದೆ. ಕಾಯಿಲೆ ಗುಣಪಡಿಸುತ್ತೇವೆ, ಚರ್ಮದ ರಚನೆಯನ್ನೇ ಬದಲಾಯಿಸುತ್ತೇವೆ ಅಂದರೆ ಅಮೆರಿಕದಲ್ಲಿ ಅದು ಸೌಂದರ್ಯವರ್ಧಕ ಅಲ್ಲ, ಔಷಧಿ ಅಂತ ಲೆಕ್ಕ. ವೆಬ್‌ಸೈಟಿನಲ್ಲಿ ಹಾಗೆ ಬರೆದ ಕಂಪನಿಗಳಿಗೆ ಔಷಧಿ, ಸೌಂದರ್ಯವರ್ಧಕಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿದ್ದುಂಟು.

ಕಮೆಂಟು ಓದುತ್ತಾರಾ? ಬುದ್ಧಿ ಇರುವ ಕಂಪನಿ ಓದುತ್ತದೆ, ಒಂದೇ ದೂರು ಹತ್ತಾರು ಸಲ ಬಂದರೆ ಅದನ್ನು ಉತ್ಪನ್ನ ತಯಾರಿಸುವವರ ಮುಂದಿಡುತ್ತದೆ. ‘ಚೆನ್ನಾಗಿಲ್ಲ’ ಅಂತಷ್ಟೇ ಬರೆದರೆ ಅವರಿಗೂ ಉಪಯೋಗ ಇಲ್ಲ. ನಿಮ್ಮದು ಒಣ ಚರ್ಮವೋ ಎಣ್ಣೆ ಚರ್ಮವೋ, ಎಷ್ಟು ವಾರ ಬಳಸಿದಿರಿ, ಜೊತೆಗೆ ಬೇರೇನು ಹಚ್ಚುತ್ತಿದ್ದಿರಿ ಅಂತ ಬರೆಯಿರಿ. ಮುಖ ಊದಿಕೊಂಡರೆ, ಗುಳ್ಳೆ ಎದ್ದರೆ ಮಾತ್ರ ಕಮೆಂಟು ಹಾಕಿ ಕಾಯುತ್ತಾ ಕೂರಬೇಡಿ. ಹಚ್ಚುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಟ್ಯೂಬನ್ನೂ ಎಸೆಯಬೇಡಿ. ಕಂಪನಿಗೆ ದೂರು ಕೊಡುವಾಗ ಅದರ ಅಂಚಿನಲ್ಲಿ ಒತ್ತಿರುವ ಬ್ಯಾಚ್ ನಂಬರನ್ನು ಅವರು ಕೇಳುತ್ತಾರೆ.